ಫೋನಕ್ಕನ ಸರದಿ ಆ್ಯಪ್

ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕೂತು, ಕಂಪನಿಗಳು ಕೈಬಿಟ್ಟ ಹಳೇ ಫೋನುಗಳಿಗೆ ಮುಕ್ತ ತಂತ್ರಾಂಶ ಹಾಕಿ ಮತ್ತೆ ಜೀವ ತುಂಬುವವಳನ್ನು ಬೀದಿಯವರೆಲ್ಲ ಫೋನಕ್ಕ ಎನ್ನುತ್ತಾರೆ. ಗಿರಾಕಿಗಳು ಬರುವುದು ಅವರವರ ಕೆಲಸ ಮುಗಿಸಿ, ಸಂಜೆ. ಫೋನಕ್ಕ ಷಟರ್ ಎಳೆಯುವುದೂ ಆಗಲೇ. ಮನೆಯ ಸಿಂಕು ಕಾಯುತ್ತಿರುತ್ತದಲ್ಲ. ಹೀಗೇ ಆದರೆ ಅಂಗಡಿಯನ್ನೇ ಮುಚ್ಚಬೇಕಾಗುತ್ತದೆಂದು ಅವಳಿಗೂ ಗೊತ್ತು, ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುವ ಗಂಡನಿಗೂ ಗೊತ್ತು. ಅವನ ಕುರ್ಚಿಗೂ ಸಿಂಕಿಗೂ ನಡುವೆ ಇರುವುದು ಒಂದು ಗೋಡೆ ಅಷ್ಟೇ.

ಅದಕ್ಕೇ ಅವಳು ‘ಸರದಿ’ ಎಂಬ ಪುಟ್ಟ ಆ್ಯಪ್ ಬರೆದಳು. ಯಾವ ಮನೆಗೆಲಸ ಇವತ್ತು ಯಾರದು ಎಂದು ಅದು ಹೇಳುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ, ಒಳಗಿನ ಕೋಡ್ ನೋಡಿ ತಿದ್ದುಪಡಿ ಸೂಚಿಸಬಹುದಾದ ಮುಕ್ತ ತಾಣದಲ್ಲಿ ಅದನ್ನು ಇಟ್ಟಳು. ಎಲ್ಲೆಲ್ಲಿಯೋ ಇದ್ದ ಹೆಂಗಸರು ಇಳಿಸಿಕೊಂಡರು.

ಗಂಡ ಮಾತ್ರ ಹಿಂದೇಟು ಹಾಕಿದ. “ಅಪರಿಚಿತ ಮೂಲದ್ದು, ಅಪಾಯ ಆಗಬಹುದು ಅಂತ ಫೋನು ಹೇಳ್ತಿದೆ ಕಣೆ.”

“ಮದುವೆಯಾಗಿ ಇಷ್ಟು ವರ್ಷ ಆಯ್ತು, ಇನ್ನೂ ಪರಿಚಯ ಆಗಿಲ್ವಾ?”

“ಹಾಕ್ಕೊಳ್ಳೋ ಸಾಕು. ನಾನೇ ಹಾಕ್ಕೊಂಡಿದೀನಿ,” ಎಂದರು ಅತ್ತೆ, ಕನ್ನಡಕ ಏರಿಸುತ್ತ.

ಹಾಕಿಕೊಂಡ. ಮೊದಲ ದಿನವೇ ಪಾತ್ರೆ ಅವನ ಪಾಲಿಗೆ ಬಂತು. ಅವನು ಪಾತ್ರೆ ಬಿಟ್ಟು ಆ್ಯಪನ್ನೇ ತೊಳೆಯಲು ಕೂತ. ಮೀಟಿಂಗ್ ಇದ್ದವರ ಸರದಿ ತಾನಾಗಿ ಮರುದಿನಕ್ಕೆ ಹೋಗುವಂತೆ ತಿದ್ದಿದ. ಅವನಿಗೋ ಮೀಟಿಂಗ್ ಇಲ್ಲದ ದಿನವೇ ಇಲ್ಲ. ತನ್ನ ಫೋನಿನಲ್ಲಷ್ಟೇ ಇಟ್ಟುಕೊಂಡಿದ್ದರೆ ಬಚಾವಾಗುತ್ತಿದ್ದನೇನೋ. ಆದರೆ ವೃತ್ತಿಯ ಶಿಸ್ತು, ಮೇಲೊಂದಿಷ್ಟು ಜಂಬ; ‘ಸಣ್ಣ ದೋಷ ಸರಿಪಡಿಸಿದ್ದೇನೆ’ ಎಂದು ಬರೆದು ತಾಣಕ್ಕೇ ಕಳಿಸಿಬಿಟ್ಟ.

ಬೆಳಗಾಗುವಷ್ಟರಲ್ಲಿ ಮುಖ ಕಾಣದ ಹೆಂಗಸರು ಅದರ ಕೆಳಗೆ ಪ್ರತಿಕ್ರಿಯೆ ಬರೆದು ಸಾಲುಗಟ್ಟಿದ್ದರು.

“ಆ ದಿನದ ಪಾತ್ರೆ ಯಾರು ತೊಳೀತಾರೆ ಅಣ್ಣಾ?”

“ಇದು ಅಡುಗೆ ಮಾಡೋರಿಗೂ ಉಂಟಾ? ನನಗೂ ನಾಳೆ ಮೀಟಿಂಗ್ ಇದೆ.”

“ನಮ್ಮನೇಲಿ ಪರೀಕ್ಷೆ ಮಾಡಿ ನೋಡಿದೆ. ಪಾತ್ರೆ ಸಿಂಕಲ್ಲೇ ಉಳೀತು.”

ಗಂಡ ಫೋನ್ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ. “ನೀನಾದ್ರೂ ಒಪ್ಪಿಗೆ ಕೊಡೆ. ಆ್ಯಪ್ ನಿಂದೇ ತಾನೆ?”

“ಈಗ ಎಲ್ಲರದೂ ರೀ. ಕೇಳಿದವರಿಗೆ ಉತ್ತರ ಬರೀರಿ.”

ಅವನು ಬರೆದ, ಅಳಿಸಿದ, ಮತ್ತೆ ಬರೆದ.

“ಏನು ಉತ್ತರ ಕೊಟ್ಯೋ?” ಅತ್ತೆ ಕೇಳಿದರು.

“ತಿದ್ದುಪಡೀನೇ ವಾಪಸ್ ತಗೊಂಡೆ ಅಮ್ಮ.”

“ಹಾಗಾದ್ರೆ ಅಂಗಿ ತೋಳು ಮೇಲೆ ಮಾಡ್ಕೋ.”

ಆ ಸಂಜೆ ಅಂಗಡಿಯ ಮುಂದೆ ಗಿರಾಕಿಗಳು ನಿಂತಿದ್ದಾಗ ಮನೆಯಿಂದ ಕರೆ ಬಂತು. ತಳ ಹಿಡಿದ ಪಾತ್ರೆಗೆ ಏನು ಮಾಡಬೇಕಂತೆ.

“ನೆನೆಹಾಕಿ ರೀ. ನನಗೆ ಕೆಲಸ ಇದೆ.”

ಹೊರಗೆ ಕತ್ತಲಾಗುತ್ತಿತ್ತು. ಇದುವರೆಗೆ ಹಚ್ಚುವ ಪ್ರಮೇಯವೇ ಬಂದಿರದ ಅಂಗಡಿಯ ಹೊರದೀಪದ ಸ್ವಿಚ್ಚು ಎಲ್ಲಿದೆ ಎಂದು ಫೋನಕ್ಕ ಗೋಡೆಯ ಮೇಲೆ ತಡಕಾಡಬೇಕಾಯಿತು.