ಕಲ್ಲುಬಾನಿಯಲ್ಲಿ ಬಿಟ್ಟ ಮೀನು

೨೦೨೧ರಲ್ಲಿ ನನಗೆ ಐವತ್ತೆರಡು ವರ್ಷ. ಆ ಮಳೆಗಾಲದಲ್ಲಿ ನನ್ನ ಅಕ್ಕನ ಒಬ್ಬಳೇ ಮಗಳು, ಐದು ತಿಂಗಳ ಬಸುರಿ, ಹಂಗಳದ ಗಂಡನ ಮನೆಯಿಂದ ತವರಿಗೆ ಬಂದಳು. ಅಕ್ಕನ ಮನೆ ಚಾಮರಾಜನಗರದ ಕಡೆಯ ಒಂದು ಹೊಳೆದಂಡೆಯ ಊರಿನಲ್ಲಿದೆ. ಭಾವ ಬಲೆ ಬೀಸಿ ತಂದ ಮೀನೇ ಅಲ್ಲಿ ನಿತ್ಯದ ಸಾರು. ಬಸುರಿ ಬಯಸಿದ್ದೂ ಅದನ್ನೇ.

ಕೆಲವು ವಾರಗಳ ಬಳಿಕ ಅಧಿಕಾರಿಗಳು ಬಂದು, ಹೊಳೆಯ ನೀರಿನಲ್ಲಿಯೂ ಮೀನಿನಲ್ಲಿಯೂ ಸೀಸ ಸೇರಿದೆಯೆಂದು, ಗರ್ಭಿಣಿಯರು ಆ ಮೀನನ್ನು ತಿಂದರೆ ಕೂಸಿನ ಮಿದುಳಿಗೆ ಕೇಡೆಂದು ತಿಳಿಸಿ ಹೋದರು. ಅಕ್ಕ ಆ ಮಾತನ್ನು ಅಲಕ್ಷಿಸಲಿಲ್ಲ. ಕೊರವ ಮೀನಿಗೆ ಕೆಸರಿನ ವಾಸನೆ ಹತ್ತಿದ್ದರೆ ಅದನ್ನು ಜೀವಂತವಾಗಿ ಕಲ್ಲುಬಾನಿಯಲ್ಲಿ ಬಿಟ್ಟು, ದಿನವೂ ನೀರು ಬದಲಿಸಿ, ವಾಸನೆ ಹೋದ ಮೇಲೆ ಬೇಯಿಸುವುದು ಆ ಮನೆಯ ರೂಢಿ. ಸೀಸಕ್ಕೂ ಅವಳು ಅದನ್ನೇ ಮಾಡಿದಳು. ಕೆಸರಿನ ವಾಸನೆಗೆ ಬಿಡುವ ಎರಡು ದಿನ ಸಾಲದೆಂದು ಒಂದು ವಾರ ಬಿಟ್ಟಳು.

ಮೇಷ್ಟರ ಕೆಲಸ ಬಿಟ್ಟು ಗುಂಡ್ಲುಪೇಟೆಯಲ್ಲಿದ್ದ ನಾನು ಅಲ್ಲಿಗೆ ಹೋದ ದಿನ ಬಾನಿಯಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದವು.

“ಅಕ್ಕ, ಸೀಸ ಮಾಂಸದಲ್ಲೇ ಸೇರ್ಕೊಂಡಿರ್ತದೆ. ತೊಳೆದ್ರೆ ಹೋಗಲ್ಲ,” ಎಂದೆ.

“ಕೆಸ್ರು ವಾಸ್ನೆನೂ ಮಾಂಸದಲ್ಲೇ ಇರದು ಕಣ್ಲಾ. ಅದು ಓಗಾಕಿಲ್ವಾ?”

ಬಲೆಯ ಹರಕು ಹೊಲಿಯುತ್ತಿದ್ದ ಭಾವ ನಕ್ಕರು. “ಬುಡಮ್ಮಿ, ನಿನ್ ತಮ್ಮ ಇಸ್ಕೂಲ್ ಬುಟ್ರೂ ಪಾಠ ಬುಡ್ನಿಲ್ಲ. ಈಗ ಮೀನ್ಗೆ ಯೋಳ್ತಾವ್ನೆ!”

ಊಟಕ್ಕೆ ಕುಳಿತಿದ್ದ ಅಕ್ಕನ ಮಗಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಮಾವ, ಬಂದಾಗ್ಲಿಂದ ತಿಂದಿವ್ನಲ್ಲ… ಕೂಸ್ಗೆ ಏನಾಯ್ತದೆ?”

ಅಂದಿನಿಂದ ಆ ಮನೆಯಲ್ಲಿ ಮೀನು ಬೇಯಲಿಲ್ಲ.

ನವೆಂಬರಿನಲ್ಲಿ ಹೆಣ್ಣುಮಗು ಹುಟ್ಟಿತು. ತೂಕ ಸರಿಯಾಗಿತ್ತು, ಅಳುವೂ ಜೋರಾಗಿತ್ತು. ಆದರೂ ಮಗುವಿನ ರಕ್ತವನ್ನು ಪರೀಕ್ಷಿಸಬೇಕೆಂದು ವೈದ್ಯರು ಹೇಳಿದರು. ಏನು ಬರುವುದೋ ಎಂದು ಹೆದರಿದ ಮನೆಯವರಿಗೆ ಅದಕ್ಕೆ ಒಪ್ಪಲು ತಿಂಗಳುಗಳೇ ಹಿಡಿದವು. ಆ ದಿನಗಳಲ್ಲಿ ಅಕ್ಕ ತೊಟ್ಟಿಲಿನ ಬಳಿ ಕುಳಿತು ಚಿಟಿಕೆ ಹೊಡೆಯುವಳು. ಮಗು ಕತ್ತು ತಿರುಗಿಸಿದರೆ, “ನೋಡ್ಲಾ, ತಿರುಗ್ತು! ಏನೂ ಆಗಿಲ್ಲ ಕಣ,” ಎನ್ನುವಳು. ತಿರುಗದಿದ್ದರೆ ಮತ್ತೆ ಹೊಡೆಯುವಳು. ನಿದ್ದೆ ಬಂದ ಮಗುವನ್ನೂ ಬಿಡುತ್ತಿರಲಿಲ್ಲ.

ಫಲಿತಾಂಶ ಕೇಳಲು ಅಕ್ಕ, ಅವಳ ಮಗಳು, ನಾನು ಮೂವರೂ ಮಗುವಿನೊಡನೆ ಆಸ್ಪತ್ರೆಗೆ ಹೋದೆವು. ರಕ್ತದಲ್ಲಿ ಇರಬಾರದಷ್ಟು ಸೀಸವಿದೆಯೆಂದೂ, ಅದರಿಂದ ಆದ ಹಾನಿ ಎಷ್ಟೆಂಬುದು ಮಗು ಮಾತು ಕಲಿಯುವ ಕಾಲಕ್ಕೆ ತಿಳಿಯಬಹುದೆಂದೂ ವೈದ್ಯರು ಹೇಳಿದರು. ಹೊರಗೆ ಬಂದಾಗ ಮಗು ಅಳತೊಡಗಿತು. ಅಕ್ಕ ಎತ್ತಿಕೊಳ್ಳಲು ಕೈ ಚಾಚಿದಳು. ಮಗಳು ಮಗುವನ್ನು ಎದೆಗೆ ಒತ್ತಿಕೊಂಡು, “ಬ್ಯಾಡ ಬುಡವ್ವ,” ಎಂದಳು. ಅಲ್ಲಿಂದಲೇ ಹಂಗಳದ ಬಸ್ಸು ಹತ್ತಿದಳು. ಅಂದು ೨೦೨೨ನೆಯ ಇಸವಿಯ ಮಾರ್ಚ್ ೧೪, ಸೋಮವಾರ.