ಕೊಟ್ರಮ್ಮನ ಕೌದಿ, ಕುಲಪತಿಗಳ ಹೇಳಿಕೆ

ಹೋದ ತಿಂಗಳು ಒಂದು ಬೆಳಗ್ಗೆ ಸ್ಟಾಫ್ ರೂಮಿನ ನನ್ನ ಬೀರುವಿಗೆ ಬೀಗ ಹಾಕಿದೆ. ಹನ್ನೊಂದು ವರ್ಷದ ನೌಕರಿಯಲ್ಲಿ ಮೊದಲ ಸಲ.

ಅದೇನು ಮಹಾ ಸುದ್ದಿ ಅನ್ನಬೇಡಿ. ಆ ರೂಮು ಗುಡಿಸುವುದು ನಮ್ಮ ಕಾಲೇಜಿನ ಅಟೆಂಡರ್ ಕೊಟ್ರಮ್ಮ. ಅವಳು ಗುಡಿಸುತ್ತಿದ್ದಾಗಲೇ, ಅವಳ ಕಣ್ಣೆದುರೇ ಬೀಗ ಹಾಕಿದೆ. ನೋಡಿದಳು, ಮತ್ತೆ ಬಗ್ಗಿ ಗುಡಿಸತೊಡಗಿದಳು. (ಬರೆಯುವಾಗಲೂ ನಾಚಿಕೆಯಾಗುತ್ತಿದೆ. ಆಗಲಿ, ಬೇಕು ನನಗೆ.)

ಕಾರಣ? ಅವತ್ತಿನ ನ್ಯೂಸ್ ಪೇಪರು. ಡಿಗ್ರಿ ಅರ್ಥಶಾಸ್ತ್ರದ ಪ್ರಶ್ನೆಪತ್ರಿಕೆ ಹಿಂದಿನ ದಿನವೇ ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿತ್ತೆಂದು ಪರೀಕ್ಷೆ ಮುಗಿದ ಮೇಲೆ ಗೊತ್ತಾಗಿ ಗಲಾಟೆಯಾಗಿತ್ತು. ನಮ್ಮ ಕುಲಪತಿಗಳು ಪತ್ರಕರ್ತರನ್ನು ಕರೆಸಿ ಹೇಳಿಕೆ ಕೊಟ್ಟಿದ್ದರು: "ವಿಶ್ವವಿದ್ಯಾಲಯದಲ್ಲಿ ಎಲ್ಲವೂ ಭದ್ರವಾಗಿದೆ. ಕೂಡ್ಲಿಗಿ ಕಡೆಯ ಕೇಂದ್ರವೊಂದರಲ್ಲಿ ಕೆಳಹಂತದ ಸಿಬ್ಬಂದಿಯ ಕೈವಾಡದ ಶಂಕೆಯಿದೆ."

ವಿಚಾರಣೆ? ಇನ್ನೂ ಶುರುವೇ ಆಗಿರಲಿಲ್ಲ.

ಕೂಡ್ಲಿಗಿ ಕಡೆಯ ಕೇಂದ್ರ ಅಂದರೆ ನಾವು. ಕೆಳಹಂತ ಅಂದರೆ ಯಾರು? ಕ್ಲರ್ಕು ತಾನಲ್ಲ ಅಂದ. ಜವಾನ ರಜೆಯಲ್ಲಿದ್ದ. ಉಳಿದವಳು ಪ್ರಶ್ನೆಪತ್ರಿಕೆಯ ಗಂಟು ಬಿಚ್ಚುವ ಕೊಟ್ರಮ್ಮ. ಮೇಲಿನವರು ಬೆರಳು ತೋರಿಸಿದರು, ಅದು ಯಾರ ಕಡೆ ಅಂತ ನಾವೇ ತೀರ್ಮಾನಿಸಿಬಿಟ್ಟೆವು. ಸಂಜೆ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ ಶಂಕೆ ಗಿಂಕೆ ಏನೂ ಉಳಿದಿರಲಿಲ್ಲ, ಅವಳೇ ಕಳ್ಳಿ!

ಹನ್ನೊಂದು ವರ್ಷ ದಿನಗೂಲಿಯಲ್ಲಿ ದುಡಿದವಳು. ಅವಳನ್ನು ಖಾಯಂ ಮಾಡುವ ಫೈಲು ಅದೇ ವಾರ ಸಹಿಗೆ ಹೋಗಿತ್ತು. ಪೇಪರಿನ ಹೇಳಿಕೆ ನೋಡಿದ ಆಡಳಿತ ಮಂಡಳಿ ಅದನ್ನು ವಾಪಸ್ ತರಿಸಿಕೊಂಡಿತು.

"ವಿಚಾರಣಿ ಮುಗಿಯೋತನಕ ನೀ ಮನ್ಯಾಗ ಇರು ಕೊಟ್ರಮ್ಮ" ಅಂದರು ಪ್ರಿನ್ಸಿಪಾಲರು.

"ಇರ್ತೀನ್ರಿ ಸರ. ಆದ್ರ ವಿಚಾರಣಿಗೆ ಬಂದೋರ್ನ ನಮ್ಮನಿಗೇ ಕರ್ಕೊಂಡು ಬರ್ರಿ. ಅವರಿಗೆ ಬೇಕಾದ್ದು ಅಲ್ಲೈತಿ."

ಇಲ್ಲೊಂದು ವಿಷಯ ಹೇಳಬೇಕು. ಪ್ರಶ್ನೆಪತ್ರಿಕೆಗಳು ಪರೀಕ್ಷೆಗೆ ಎರಡು ದಿನ ಮೊದಲೇ ವಿಶ್ವವಿದ್ಯಾಲಯದಿಂದ ಕಾಲೇಜಿಗೆ ಬರುವುದು ಕೋರಾ ಬಟ್ಟೆಯಲ್ಲಿ. ಹೊಲಿದು, ಅರಗು ಹಾಕಿ, ಮುದ್ರೆ ಒತ್ತಿರುತ್ತಾರೆ. ಬಿಚ್ಚುವ ಮುನ್ನ ಪ್ರಿನ್ಸಿಪಾಲರೂ ಇಬ್ಬರು ಮೇಲ್ವಿಚಾರಕರೂ ಹೊಲಿಗೆಯ ಮೇಲೇ ಸಹಿ ಹಾಕುತ್ತಾರೆ. ಬೇರೆ ಕಾಲೇಜುಗಳಲ್ಲಿ ಬ್ಲೇಡಿನಿಂದ ಪರ್‍ರಂತ ಸೀಳುತ್ತಾರೆ. ಕೊಟ್ರಮ್ಮ ಸೀಳಲು ಬಿಡುವವಳಲ್ಲ. ಒಂದೊಂದೇ ಹೊಲಿಗೆ ಬಿಡಿಸಿ ಬಟ್ಟೆ ಮನೆಗೆ ಒಯ್ಯುತ್ತಾಳೆ. ಯಾಕೆ? ಬಟ್ಟೆ ತುಂಡು ಜೋಡಿಸಿ ಹೊಲಿಯುವ ಕೌದಿಗೆ! ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಬಾಣಂತಿಯರಿಗೂ ಅವಳು ಹೊಲಿದ ಕೌದಿಯೇ ಬೇಕು. (ನಾವೆಲ್ಲ ಎಷ್ಟು ನಕ್ಕಿದ್ದೆವು!)

ವಿಚಾರಣೆಗೆ ಮೂವರು ಪ್ರೊಫೆಸರರು ಬಂದರು. ಬರೆದುಕೊಳ್ಳಲು ನನ್ನನ್ನೂ ಕೊಟ್ರಮ್ಮನ ಮನೆಗೆ ಕರೆದೊಯ್ದರು. ಕೊಟ್ರಮ್ಮ ಟ್ರಂಕು ತೆಗೆದಳು. ಹದಿನಾಲ್ಕು ಬಟ್ಟೆ, ಸಹಿ, ಅರಗು ಸಮೇತ. ರಜೆಯಲ್ಲಿ ಒಗೆದು ಹೊಲಿಯೋಣ ಅಂತ ಹಾಗೇ ಮಡಚಿಟ್ಟಿದ್ದಳು.

"ನೋಡ್ರಿ, ಇದು ಕನ್ನಡ ಪೇಪರಿಂದು. ಸೂಜಿ ತೂತು ಒಂದ ಸಾಲು. ಇದು ಅರ್ಥಶಾಸ್ತ್ರದ್ದು. ಎರಡು ಸಾಲು ಐತಿ. ಒಮ್ಮೆ ಹೊಲದು, ಬಿಚ್ಚಿ, ಮತ್ತ ಹೊಲದಾರ."

"ನೀನೇ ಬಿಚ್ಚಿ ಹೊಲಿದಿರಬಹುದಲ್ಲ?" ಅಂದರು ಒಬ್ಬರು.

"ಹೊಲಿಬೋದಿತ್ರಿ. ಮುದ್ರಿ ಎಲ್ಲಿಂದ ತರ್ಲಿ?"

ಎರಡನೇ ಹೊಲಿಗೆಯ ಗಂಟಿನ ಮೇಲಿದ್ದ ಅರಗಿಗೂ ವಿಶ್ವವಿದ್ಯಾಲಯದ್ದೇ ಮುದ್ರೆ! ಆ ಹಿತ್ತಾಳೆ ಮುದ್ರೆ ಅಲ್ಲಿನ ಪರೀಕ್ಷಾ ವಿಭಾಗದ ತಿಜೋರಿ ಬಿಟ್ಟು ಆಚೆ ಬರುವಂತಿಲ್ಲ. ಪ್ರೊಫೆಸರರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. ಮುದ್ರೆ ಬದಲಾಗಲಿಲ್ಲ.

ಬಟ್ಟೆಗೆ ಕೈ ಚಾಚಿದರು. ಕೊಟ್ರಮ್ಮ ಹಿಂದಕ್ಕೆ ಎಳೆದುಕೊಂಡಳು.

"ಹಂಗ ಕೊಡಂಗಿಲ್ರಿ. ಎರಡು ಸಾಲು ತೂತು ಐತಿ, ಮುದ್ರಿ ನಿಮ್ದ ಐತಿ ಅಂತ ರಸೀದಿ ಬರೀರಿ. ಮೂರೂ ಮಂದಿ ಸಹಿ ಹಾಕ್ರಿ."

ಹಾಕಿದರು! ಅವಳದೇ ಕೌದಿಯ ಮೇಲೆ ಚಕ್ಕಳಮಕ್ಕಳ ಕೂತು ಹಾಕಿದರು. ಭಲೇ ಹೆಣ್ಣೇ! ಚಪ್ಪಾಳೆ ಹೊಡೆಯಬೇಕೆನಿಸಿತು ನನಗೆ.

ಪರೀಕ್ಷಾ ವಿಭಾಗದ ಇಬ್ಬರು ಸಸ್ಪೆಂಡಾದರು. ಆಗ ಕುಲಪತಿಗಳ ಎರಡನೇ ಹೇಳಿಕೆ ಬಂತು: "ತಾಂತ್ರಿಕ ಲೋಪವಾಗಿದೆ. ಈ ಹಂತದಲ್ಲಿ ಯಾರನ್ನೂ ದೂಷಿಸುವುದು ಸರಿಯಲ್ಲ."

ಅಲ್ಲ ಸ್ವಾಮಿ, ಕಸಬರಿಗೆ ಹಿಡಿದವಳ ಮೇಲೆ ಬಂದರೆ ಕೈವಾಡ, ನಿಮ್ಮ ಕಾರಿಡಾರಿಗೆ ಬಂದರೆ ಲೋಪವೇ? ಈ ಸಂಯಮ ಮೊದಲ ದಿನ ಎಲ್ಲಿ ರಜೆ ಹಾಕಿ ಹೋಗಿತ್ತು? ದೊಡ್ಡ ಕುರ್ಚಿಯಿಂದ ಬಂದ ಒಂದು ವಾಕ್ಯಕ್ಕೆ ಸಾಕ್ಷಿ ಬೇಕಾಗುವುದಿಲ್ಲ. ನನ್ನಂಥ ಎಂ.ಎ. ಓದಿದವಳೇ ಎದ್ದು ಬೀಗ ಹಾಕುತ್ತಾಳೆ.

ಕಳೆದ ಸೋಮವಾರ ಖಾಯಂ ಆದೇಶ ಬಂತು. ಕಾಲೇಜಿಗೆಲ್ಲ ಮಂಡಕ್ಕಿ ಮಿರ್ಚಿ. ಹುಡುಗಿಯರು ಕೊಟ್ರಮ್ಮನನ್ನು ಪ್ರಿನ್ಸಿಪಾಲರ ಕುರ್ಚಿಯ ಮೇಲೇ ಕೂರಿಸಿ ಶಿಳ್ಳೆ ಹೊಡೆದರು. ಪ್ರಿನ್ಸಿಪಾಲರು ನಿಂತೇ ಮಿರ್ಚಿ ತಿಂದರು. ನಾನು ಕ್ಷಮೆ ಕೇಳಿ ಬೀರುವಿನ ಕೀಲಿಯನ್ನು ಅವಳ ಕೈಗಿಟ್ಟೆ.

"ನೀವ ಇಟ್ಕೊಳ್ರಿ ಮೇಡಂ. ಕಳೀತಂದ್ರ ಮತ್ತ ನನ್ ಮ್ಯಾಲ ಬರತೈತಿ!" ಅಂದು ಬಿದ್ದು ಬಿದ್ದು ನಕ್ಕಳು.

ನಿನ್ನೆ ಅವಳ ಮನೆಗೆ ಹೋಗಿದ್ದೆ. ಹದಿಮೂರು ಬಟ್ಟೆ ಸೇರಿ ಕೌದಿಯಾಗಿದೆ. ನಡುವೆ ಒಂದು ತುಂಡಿನ ಜಾಗ ಹಾಗೇ ಬಿಟ್ಟಿದ್ದಾಳೆ. ರಸೀದಿ ಟ್ರಂಕಿನಲ್ಲಿ ಭದ್ರವಾಗಿದೆ.

ಕುಲಪತಿಗಳೇ, ಆ ಬಟ್ಟೆ ಯಾವಾಗ ವಾಪಸ್ ಕಳಿಸುತ್ತೀರಿ?