ಮಾಗಳದ ಮದುವೆಯ ಕ್ಯಾಸೆಟ್ಟು

ಯಾರದೋ ಮದುವೆಯ ಹಳೆಯ ವಿಡಿಯೋ ಕ್ಯಾಸೆಟ್ ತಂದು, ಕೆರೆದು, ಕತ್ತರಿಸಿ, ಅದರಿಂದ ಕಥೆಯಿಲ್ಲದ ಪುಟ್ಟ ಸಿನಿಮಾ ಮಾಡುವುದು ನನ್ನ ಹುಚ್ಚು. ಹೊಟ್ಟೆಪಾಡಿಗೆ ಕೂಡ್ಲಿಗಿಯ ಶಾಲೆಯೊಂದರಲ್ಲಿ ಚಿತ್ರಕಲಾ ಮೇಷ್ಟ್ರು. "ಮಂದಿ ಮದಿವಿ ನೋಡಾಕ ಇದೆಂಥಾ ಚಟಾಲೇ ನಿಂದು?" ಎಂದು ಗೆಳೆಯ ಕೇಳಿದರೆ, ಕಾಲ, ನೆನಪು, ಮರೆವು ಅಂತ ಅರ್ಧ ತಾಸು ಕೊರೆಯುತ್ತಿದ್ದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಕ್ಯಾಸೆಟ್ಟುಗಳು ಕೊಟ್ಟೂರಿನ ಒಬ್ಬ ಚಾಚಾನವು. ಸುತ್ತಲಿನ ಊರುಗಳ ಮದುವೆಗಳಿಗೆಲ್ಲ ಕ್ಯಾಮೆರಾ ಹೊತ್ತವರು ಅವರು. ಸ್ಟುಡಿಯೋ ಮುಚ್ಚಿದಾಗ ಎರಡು ಗೋಣಿಚೀಲ ತುಂಬಿಸಿ ನನಗೆ ಕೊಟ್ಟರು. ಮನೆಯವರ ಕೈಸೇರಿದ ಸಿಂಗರಿಸಿದ ಪ್ರತಿಗಳಲ್ಲ, ಕತ್ತರಿ ಆಡಿಸುವ ಮೊದಲಿನ ಮೂಲ ಕ್ಯಾಸೆಟ್ಟುಗಳು.

ಅದರಲ್ಲಿ ಮಾಗಳದ ಒಂದು ಮದುವೆಯಿತ್ತು. ಪಡಸಾಲೆಯಲ್ಲಿ ಮದುಮಗಳಿಗೆ ಅರಿಷಿಣ ಹಚ್ಚುತ್ತಿರುವಾಗ ಚಿತ್ರ ಇದ್ದಕ್ಕಿದ್ದಂತೆ ಕಪ್ಪಾಗುತ್ತಿತ್ತು. ನಾಲ್ಕೈದು ಸೆಕೆಂಡಿಗೆ ಮತ್ತೆ ಬೆಳಕು. ಹೀಗೆ ಆರು ಸಲ. ಆ ಕಪ್ಪಿಗೆ ನಾನು ಮರುಳಾದೆ. ಮದುವೆ ಮನೆಯ ಗದ್ದಲ ಬೇಡವೆಂದು ಟಿವಿಯ ದನಿ ಬಂದ್ ಮಾಡಿಯೇ ಕೆಲಸಕ್ಕೆ ಕೂರುವವನು ನಾನು. ಆ ಭಾಗದ ಟೇಪನ್ನು ಹೊರಗೆಳೆದು, ಅಂಚು ಬಿಟ್ಟು ನಡುಮಧ್ಯೆ ಬಡಗಿಗಳ ಪಾಲಿಶ್ ಪೇಪರಿನಿಂದ ತಿಕ್ಕಿದೆ. ಕಪ್ಪಿನ ಮೇಲೆ ಬಿಳಿ ಗೆರೆಗಳು ಕುಣಿದವು. ತಿಕ್ಕುವ ಮೊದಲು ನಕಲು ತೆಗೆದಿಡಲಿಲ್ಲ. ನಕಲಿದ್ದರೆ ಗಾಯಕ್ಕೆ ಬೆಲೆಯಿಲ್ಲ ಅಂತ ನಂಬಿದ್ದ ಮೂರ್ಖ ನಾನು.

ಆ ಸಿನಿಮಾವನ್ನು ಹರಪನಹಳ್ಳಿಯ ಹಾಸ್ಟೆಲೊಂದರಲ್ಲಿ ದನಿಯಿಲ್ಲದೆಯೇ ತೋರಿಸಿದೆ. ಮುಗಿದ ಮೇಲೆ ಅಲ್ಲಿ ಅಡುಗೆ ಮಾಡುವ ಹೆಂಗಸೊಬ್ಬರು ಕೈ ಒರೆಸಿಕೊಳ್ಳುತ್ತ ಬಂದರು.

"ಸರ, ಆ ಮದುಮಗಳು ನಾನ ರೀ."

ಬೈಗುಳಕ್ಕೆ ತಯಾರಾದೆ. ಅವರು ಬೈಯಲಿಲ್ಲ.

"ಕತ್ತಲಾದಾಗೆಲ್ಲ ನಮ್ಮವ್ವ ನನ್ನ ಬಾಜೂಕ ಬಂದಿದ್ಲು ರೀ. ಕರೆಂಟ್ ಹೋಗಿರಬೇಕು ಅಂದ್ಕಂಡಿದ್ದೆ. ನಮ್ಮನ್ಯಾಗಿನ ಕ್ಯಾಸೆಟ್ಟಿನ್ಯಾಗ ಆಕಿ ಎಲ್ಲೂ ಇಲ್ಲ. ತೀರಿಕೊಂಡು ಭಾಳ ವರ್ಷಾತು. ವೋಟಿನ ಕಾರ್ಡಿನ್ಯಾಗ ಒಂದು ಮುಖ ಐತಿ, ಅದು ಯಾರ್ದು ಅಂತ ದೇವರಿಗೇ ಗೊತ್ತು. ಆ ಕತ್ತಲಿ ಬೆಳಕು ಮಾಡಿ ಆಕಿನ್ನ ತೋರಿಸ್ತೀರೇನ್ರಿ?"

ತೋರಿಸುತ್ತೇನೆ, ಭಾನುವಾರ ಕೂಡ್ಲಿಗಿಗೆ ಬನ್ನಿ ಎಂದುಬಿಟ್ಟೆ.

ಮರುದಿನವೇ ಕೊಟ್ಟೂರಿಗೆ ಹೋಗಿ ಚಾಚಾನನ್ನು ಕೇಳಿದೆ.

"ಕರೆಂಟ್ ಹೋಗಿರಲಿಲ್ಲ ಮಾಸ್ತರ್ರ, ಕ್ಯಾಮೆರಾದ ಲೈಟು ನಾನ ಆರಿಸ್ತಿದ್ದೆ. ಗಂಡ ಸತ್ತಾಕಿ ಅರಿಷಿಣದ ವಿಡಿಯೋದಾಗ ಕಂಡ್ರ ಬೀಗರು ಜಗಳಕ್ಕ ಬೀಳ್ತಿದ್ರು. ಕ್ಯಾಮೆರಾ ನಿಲ್ಸಿ ಸುರು ಮಾಡಿದ್ರ ಚಿತ್ರ ಜಿಗೀತಿತ್ತು. ಅದಕ್ಕ ಲೈಟಷ್ಟ ಆರಿಸಿ, ಆಮ್ಯಾಲೆ ಕತ್ತರಿಸಿ ಒಗೀತಿದ್ದೆ."

ಆರು ಸಲ ಕತ್ತಲೆಂದರೆ, ಆ ತಾಯಿ ಆರು ಸಲ ಮಗಳ ಹತ್ತಿರ ಬಂದಿದ್ದಳು. ನಾನು ಅದನ್ನು ನನ್ನ ಸಿನಿಮಾದ ಲಯ ಎಂದು ಕರೆದಿದ್ದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಆ ಕಪ್ಪನ್ನು ಎಷ್ಟು ಸಾಧ್ಯವೋ ಅಷ್ಟು ಬೆಳಗಿಸಿದೆ. ಬಿಳಿ ಸೆರಗಿನ ಅಂಚೊಂದು ಸಿಕ್ಕಿತು. ಮುಖವಿರಬೇಕಾದ ಜಾಗದಲ್ಲಿ ಆರೂ ಕಡೆ ನಾನು ತಿಕ್ಕಿದ ಗೆರೆಗಳು. ಚಾಚಾ ಲೈಟನ್ನಷ್ಟೇ ಆರಿಸಿದ್ದರು, ಮುಖ ಅಳಿಸಿದವನು ನಾನು.

ಭಾನುವಾರ ಆ ಹೆಂಗಸು ಅವ್ವನನ್ನು ನೋಡಲೆಂದು ಹೊಸ ಸೀರೆ ಉಟ್ಟುಕೊಂಡು ಕೂಡ್ಲಿಗಿಗೆ ಬಂದರು. ತಿಕ್ಕಿದ್ದು, ನಕಲು ಇಡದಿದ್ದು, ಎಲ್ಲ ಹೇಳಿದೆ. ಚಾಚಾ ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಅವರು, "ದನಿಯಾದ್ರೂ ಐತೇನ್ರಿ?" ಎಂದರು.

ದನಿ ಇರುವುದು ಟೇಪಿನ ಅಂಚಿನಲ್ಲಿ. ನನ್ನ ಪಾಲಿಶ್ ಪೇಪರ್ ಅಲ್ಲಿಗೆ ಮುಟ್ಟಿರಲಿಲ್ಲ. ಮೊದಲ ಸಲ ಟಿವಿಯ ದನಿ ಏರಿಸಿದೆ. ಹೆಂಗಸರ ಹಾಡು, ಬಳೆಗಳ ಸದ್ದು, ನಗು. ಕತ್ತಲಾಯಿತು. ಕ್ಯಾಮೆರಾಕ್ಕೆ ತೀರ ಹತ್ತಿರದಲ್ಲಿ ಒಂದು ಎಳೆಯ ದನಿ:

"ಅವ್ವಾ, ಆಚಿಗೆ ಸರಿ. ವಿಡಿಯೋದಾಗ ಬರ್ತಿ ನೋಡು."

ಇನ್ನೊಂದು ದನಿ, ಮೆಲ್ಲಗೆ: "ಆಗಲವ್ವಾ."

ಬೆಳಕು ಬಂತು. ಪರದೆಯ ಮೇಲೆ ಮದುಮಗಳು ನಗುತ್ತಿದ್ದಳು.

ನಾನು ಪಕ್ಕಕ್ಕೆ ತಿರುಗಲಿಲ್ಲ. ಅವರೇ ಮಾತಾಡಿದರು. "ನಾನ ಅಂದಿದ್ದು ರೀ. ನನಗ ನೆನಪ ಇರಲಿಲ್ಲ." ಆಮೇಲೆ, "ನಂದು ತೆಗೆದುಬಿಡ್ರಿ. ಅವ್ವನ್ದಷ್ಟ ಮೊಬೈಲಿಗೆ ಹಾಕಿ ಕೊಡ್ರಿ."

ತೆಗೆಯಬಾರದು ಅಂತ ನನಗನ್ನಿಸಿತು. ಆದರೆ ಹಾಗೆ ಹೇಳಲು ಯಾವ ಮುಖವಿತ್ತು? ಕತ್ತರಿಸಿದೆ. "ಆಗಲವ್ವಾ" ಎಂಬ ಎರಡು ಸೆಕೆಂಡು ಉಳಿಯಿತು, ಅದನ್ನು ಅವರ ಮೊಬೈಲಿಗೆ ಹಾಕಿದೆ.

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ. ಹರಪನಹಳ್ಳಿ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಾನು ಕೆಳಗೆ ನಿಂತಿರುವುದು ಅವರಿಗೆ ಮರೆತೇಹೋಗಿತ್ತು. ಫೋನನ್ನು ಬಾಯಿಯ ಹತ್ತಿರ ಹಿಡಿದು, "ಅವ್ವಾ, ಬಾ, ನನ್ನ ಬಾಜೂಕ ನಿಂದ್ರು" ಎಂದರು. ಆಮೇಲೆ ಗುಂಡಿ ಒತ್ತಿ, ಕಿವಿಗೆ ಹಿಡಿದುಕೊಂಡರು.